ಎಚ್ಚರವಾಗಿಯೇ ಇರುತ್ತೇನೆ ಅಂದೆ

ಹೊಟ್ಟೆಯ ಕೊಬ್ಬು ಹೀರಿಸಿಕೊಳ್ಳುವವರು ಅಂದರೆ ಸಿನಿಮಾದವರು, ಇಲ್ಲವೇ ಮಾಡಲು ಕೆಲಸವಿಲ್ಲದ ಶ್ರೀಮಂತರ ಮನೆಯ ಹೆಂಗಸರು ಅಂತ ಜನ ತಿಳಿದಿದ್ದಾರೆ. ನಾನು ಎರಡೂ ಅಲ್ಲ. ಶ್ರೀರಂಗಪಟ್ಟಣದ ಪಕ್ಕದ ಬಾಬುರಾಯನಕೊಪ್ಪಲಿನಲ್ಲಿ ರವಿಕೆ ಹೊಲಿದುಕೊಂಡು ಬದುಕಿದವಳು. ತೊಂಬತ್ತರ ದಶಕದಲ್ಲಿ, ಆ ಚಿಕಿತ್ಸೆಯ ಹೆಸರೇ ನಮ್ಮ ಕಡೆಯವರ ಬಾಯಿಗೆ ಬಾರದ ಕಾಲದಲ್ಲಿ, ಮೈಸೂರಿಗೆ ಹೋಗಿ ಮಾಡಿಸಿಕೊಂಡೆ. ಚೆಂದ ಕಾಣಲಿಕ್ಕಲ್ಲ. ಚೆಂದದ ಆಸೆ ಇಟ್ಟುಕೊಂಡರೆ ತಪ್ಪೇನೂ ಇಲ್ಲ, ಆದರೆ ನನ್ನ ಕಥೆ ಅದಲ್ಲ. ಜನ ನನ್ನನ್ನು ಒಂದು ಪ್ರಶ್ನೆ ಕೇಳುವುದನ್ನು ನಿಲ್ಲಿಸಲಿ ಅಂತ ಮಾಡಿಸಿಕೊಂಡೆ. ಆ ಪ್ರಶ್ನೆ ಕೇಳಿಸಿಕೊಂಡು ಬಾಯಿ ಕಟ್ಟಿದ ಹೆಂಗಸರು ಎಲ್ಲ ಊರಿನಲ್ಲೂ ಇದ್ದಾರೆ. ಅವರಿಗಾಗಿ ಬರೆಯುತ್ತಿದ್ದೇನೆ. ಮಿಕ್ಕವರು ಓದಿ ಸುಮ್ಮನಾದರೆ ಅದೂ ಒಂದು ಉಪಕಾರವೇ.

"ಎಷ್ಟು ತಿಂಗ್ಳವ್ವ?" ಇದೇ ಆ ಪ್ರಶ್ನೆ.

ಮದುವೆಯಾಗಿ ಬಹಳ ಕಾದ ಮೇಲೆ ಬಸುರಾಗಿದ್ದೆ. ಎಂಟನೆಯ ತಿಂಗಳಲ್ಲಿ ಕೆ.ಆರ್. ಪೇಟೆಯ ಅತ್ತೆಯ ಮನೆಗೆ ಹೋಗಿದ್ದಾಗ ಒಂದು ಬೆಳಿಗ್ಗೆ ರಕ್ತ ಹೋಗಲು ಶುರುವಾಯಿತು. ಅಲ್ಲಿಂದ ಮೈಸೂರಿನ ದೊಡ್ಡಾಸ್ಪತ್ರೆಗೆ ಸಾಗಿಸಿದರು. ಮೂಗಿಗೆ ಏನೋ ಹಿಡಿದು ಒಂದು ಎರಡು ಎಣಿಸಮ್ಮ ಅಂದರು. ಎಣಿಸುತ್ತ ಎಣಿಸುತ್ತ ನಿದ್ದೆ ಹೋದೆ. ಎದ್ದಾಗ ಮಗು ಇರಲಿಲ್ಲ. ಗರ್ಭಕೋಶವೂ ಇರಲಿಲ್ಲ. ರಕ್ತ ನಿಲ್ಲಲಿಲ್ಲ, ನಿನ್ನ ಜೀವ ಉಳಿಸಲು ತೆಗೆಯಲೇಬೇಕಾಯಿತು ಅಂದರು. ನಿಜವೇ ಇರಬೇಕು. ಆದರೆ ನನ್ನನ್ನು ಯಾರೂ ಕೇಳಲಿಲ್ಲ, ಕೇಳೋಣವೆಂದರೂ ನಾನು ಅಲ್ಲಿರಲಿಲ್ಲ.

ಮಗುವನ್ನು ನಾನು ನೋಡಲಿಲ್ಲ. ಸತ್ತು ಹುಟ್ಟಿದ ಕೂಸನ್ನು ನಮ್ಮಲ್ಲಿ ತಾಯಿಗೆ ತೋರಿಸುವುದಿಲ್ಲ. ಮುಖ ನೋಡಿದರೆ ಮಮತೆ ಅಂಟಿಕೊಳ್ಳುತ್ತದೆ, ಆಮೇಲೆ ತಾಯಿ ಎದ್ದು ನಿಲ್ಲುವುದಿಲ್ಲ ಅನ್ನುತ್ತಾರೆ. ಗಂಡೋ ಹೆಣ್ಣೋ ಅಂತಲೂ ಹೇಳುವುದಿಲ್ಲ, ತಾಯಿಯಾದವಳು ಕೇಳಲೂಬಾರದು. ನಮ್ಮವರು, ಪುಟ್ಟಸ್ವಾಮಿ, ಲೈನ್‌ಮ್ಯಾನ್ ಕೆಲಸದಲ್ಲಿದ್ದರು. ಆ ಹೊತ್ತಿನಲ್ಲಿ ಅವರು ನನಗೆ ರಕ್ತ ಕೊಡುವವರನ್ನು ಹುಡುಕಿಕೊಂಡು ಮೈಸೂರೆಲ್ಲ ಅಲೆಯುತ್ತಿದ್ದರಂತೆ. ನರ್ಸಿನ ಕೈಯಿಂದ ಕೂಸನ್ನು ಇಸಿದುಕೊಂಡವರು ಅತ್ತೆ ಚಿಕ್ಕತಾಯಮ್ಮ. ತಮ್ಮ ಒಡಹುಟ್ಟಿದ ತಮ್ಮನನ್ನು ಕರೆದುಕೊಂಡು ಹೋಗಿ ಮಣ್ಣು ಮಾಡಿ ಬಂದವರೂ ಅವರೇ. ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಹಾಗೇ ವರ್ಷಗಳು ಕಳೆದವು.

ಹೊಟ್ಟೆ ಮಾತ್ರ ಇಳಿಯಲಿಲ್ಲ. ಬಾಣಂತಿಯ ಹೊಟ್ಟೆಗೆ ಹಳೇ ಸೀರೆ ಸುತ್ತಿ ಬಿಗಿಯಾಗಿ ಕಟ್ಟುವುದು ನಮ್ಮ ಕಡೆಯ ರೂಢಿ. ಬಿಂಡಿಗನವಿಲೆಯಿಂದ ನಮ್ಮವ್ವ ಬಂದಳು, ಅತ್ತಳು, ಗಂಜಿ ಕುಡಿಸಿದಳು, ಹೋದಳು. ಕೂಸೇ ಇಲ್ಲದ ಮೇಲೆ ಎಂಥ ಬಾಣಂತನ? ಕಟ್ಟಬೇಕೆಂಬ ನೆನಪು ಯಾರಿಗೂ ಬರಲಿಲ್ಲ, ಬಂದಿದ್ದರೂ ಕೈ ಬರುತ್ತಿರಲಿಲ್ಲ. ಆಮೇಲೆ ಕಂಡಕಂಡವರೆಲ್ಲ ನಿಮ್ಮವ್ವ ಹೊಟ್ಟೆ ಕಟ್ಟಲಿಲ್ಲವೇ ಅಂತ ಕೇಳಿ ಕೇಳಿ ನಮ್ಮವ್ವನನ್ನು ತಪ್ಪಿತಸ್ಥೆ ಮಾಡಿದರು. ಬರೀ ಬಟ್ಟೆ ಕಟ್ಟಿದ್ದರೆ ಇದು ಸರಿಹೋಗುತ್ತಿರಲಿಲ್ಲ ಅಂತ ಮುಂದೆ ಡಾಕ್ಟರು ಹೇಳಿದ್ದನ್ನು ಅವಳಿಗೆ ಹೇಳಿದೆ. ನಂಬಲಿಲ್ಲ.

ನನ್ನ ಕೈಕಾಲು ಕಡ್ಡಿ, ಮುಖ ಸಣ್ಣದು. ನಡುವಿನಲ್ಲಿ ಮಾತ್ರ ಆ ಹೊಟ್ಟೆ, ಎಂಟನೆಯ ತಿಂಗಳಿನಲ್ಲೇ ನಿಂತುಬಿಟ್ಟ ಹಾಗೆ. ಮುದ್ದೆ ಬಿಟ್ಟೆ, ಅನ್ನ ಬಿಟ್ಟೆ, ಬೆಳಗಾಗೆದ್ದು ಹೊಳೆಯವರೆಗೆ ನಡೆದೆ, ಹುರುಳಿ ಕಟ್ಟು ಕುಡಿದೆ. ಕೆನ್ನೆ ಬತ್ತಿತು, ಹೊಟ್ಟೆ ಜಗ್ಗಲಿಲ್ಲ. ಬಸ್ಸು ಹತ್ತಿದರೆ ಕಂಡಕ್ಟರು "ಬಸ್ರಿ ಎಂಗ್ಸು ಕಣ್ರಪ್ಪ, ಯಾರಾರ ಎದ್ದು ಸೀಟು ಬುಡಿ" ಅನ್ನುತ್ತಿದ್ದ. ಮೊದಮೊದಲು ಅಲ್ಲಪ್ಪ ಅಂತ ಹೇಳುತ್ತಿದ್ದೆ. ಅಲ್ಲ ಅಂದರೆ ಬಸ್ಸೆಲ್ಲ ತಿರುಗಿ ಹೊಟ್ಟೆ ನೋಡುತ್ತಿತ್ತು. ಕಡೆಗೆ ಸುಮ್ಮನೆ ಕೂರುವುದನ್ನು ಕಲಿತೆ. ಪಕ್ಕದವಳು ಕೇಳಿದರೆ ಏಳು ತಿಂಗಳು ಅನ್ನುತ್ತಿದ್ದೆ. ಪಾಂಡವಪುರದ ಒಂದು ಬಸ್ಸಿನಲ್ಲಿ ನಾನು ವರ್ಷಗಟ್ಟಲೆ ಏಳು ತಿಂಗಳ ಬಸುರಿಯಾಗಿದ್ದೆ, ಆ ಕಂಡಕ್ಟರನಿಗೆ ಒಂದು ದಿನವೂ ಅನುಮಾನ ಬರಲಿಲ್ಲ.

ಇಷ್ಟಾದರೂ ತಡೆದುಕೊಂಡಿದ್ದೆ. ತಡೆಯಲಾಗದಂತೆ ಮಾಡಿದ್ದು ಪಾಂಡವಪುರದ ಒಂದು ಸೀಮಂತ. ನಮ್ಮವರ ಚಿಕ್ಕಪ್ಪನ ಮಗಳದು. ನಾನು ಬರುವುದಿಲ್ಲ ಅಂದೆ. ಆ ಹುಡುಗಿಯೇ ಮನೆಗೆ ಬಂದು ಅತ್ತಿಗೆ ನೀವು ಹೊಲಿದ ರವಿಕೆಯನ್ನೇ ಹಾಕಿಕೊಂಡು ಕೂರುತ್ತೇನೆ, ನೀವೇ ಇಲ್ಲದಿದ್ದರೆ ಹೇಗೆ ಅಂದಳು. ಅತ್ತೆಯ ಜೊತೆ ಹೋದೆ. ಹುಡುಗಿಗೆ ಬಳೆ ತೊಡಿಸಿ, ಹೂವು ಮುಡಿಸಿ, ಮುತ್ತೈದೆಯರು ಮಡಿಲು ತುಂಬುತ್ತಿದ್ದರು. ನಾನು ಬಾಗಿಲ ಹತ್ತಿರ ಗೋಡೆಗೆ ಒರಗಿ ನಿಂತಿದ್ದೆ. ಆ ಮನೆಯ ದೊಡ್ಡಮ್ಮ, ಕಣ್ಣು ಮಂಜಾದ ಮುದುಕಿ, ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಅವಳಿಗೆ ಮುಖ ಕಾಣಲಿಲ್ಲ, ಹೊಟ್ಟೆ ಕಂಡಿತು.

"ಇವ್ಳನ್ಯಾಕೆ ನಿಲ್ಸಿದ್ದೀರವ್ವ? ಇವ್ಳಿಗೂ ಒಂದ್ ಮಡ್ಲು ತುಂಬ್ರಿ" ಅಂದಳು. ಅನ್ನುತ್ತ ಅನ್ನುತ್ತಲೇ ನನ್ನ ಕೈ ಹಿಡಿದು ಜಗ್ಗಿ ಚಾಪೆಯ ಮೇಲೆ ಕೂರಿಸಿ, ನನ್ನ ಸೆರಗನ್ನು ತಾನೇ ಹರಡಿ, ಬೊಗಸೆ ತುಂಬ ಅಕ್ಕಿ ಸುರಿದೇಬಿಟ್ಟಳು.

ಮಡಿಲಿಗೆ ಬಿದ್ದ ಅಕ್ಕಿಯನ್ನು ಕೊಡವಬಾರದು. ಹುಟ್ಟಿದಾಗಿನಿಂದ ಕೇಳಿದ ಮಾತು ಅದು. ಎದ್ದರೆ ಅಕ್ಕಿ ಚೆಲ್ಲುತ್ತದೆ, ಆ ಬಸುರಿ ಹುಡುಗಿಗೆ ಕೇಡು. ಗೊತ್ತಿದ್ದವರೆಲ್ಲ ಮಾತು ನಿಲ್ಲಿಸಿದರು. ಗೊತ್ತಿಲ್ಲದ ಒಬ್ಬಳು ಬಂದು ಕೊಬ್ಬರಿ, ಬೆಲ್ಲ, ಎಲೆ ಅಡಿಕೆ ಇಟ್ಟಳು. ಇನ್ನೊಬ್ಬಳು ಹಸಿರು ಬಳೆ ಇಟ್ಟಳು. ನಾನು ಎರಡು ಕೈಯಲ್ಲೂ ಸೆರಗು ಹಿಡಿದುಕೊಂಡು ಕುಳಿತಿದ್ದೆ. ಅತ್ತೆಯ ಕಡೆ ನೋಡಿದೆ. ಊರಿನ ಪಂಚಾಯ್ತಿಯಲ್ಲಿ ಗಂಡಸರ ಮಧ್ಯೆ ನಿಂತು ಮಾತಾಡುವ ಹೆಂಗಸು ಅವರು. ಆವತ್ತು ಅವರ ತುಟಿ ಅಲುಗಿತು, ಮಾತು ಬರಲಿಲ್ಲ. ವಾಪಸ್ಸು ಬರುವಾಗ ಬಸ್ಸಿನಲ್ಲಿ ಆ ಮಡಿಲಕ್ಕಿಯ ಗಂಟು ನನ್ನ ತೊಡೆಯ ಮೇಲೆಯೇ ಇತ್ತು. ಇಬ್ಬರೂ ಕಿಟಕಿಯ ಆಚೆ ನೋಡುತ್ತ ಬಂದೆವು.

ಮಾರನೆಯ ದಿನ ಅಂಗಡಿಯಲ್ಲಿ ಮೆಷೀನಿನ ಮುಂದೆ ಕುಳಿತು ಗೊಳೋ ಅಂತ ಅತ್ತುಬಿಟ್ಟೆ. ನನ್ನ ಜೊತೆ ಹುಕ್ಕು ಕಾಜ ಹಾಕುತ್ತಿದ್ದ ಫಾತಿಮಾ ಬಾಗಿಲು ಮುಂದೆ ಮಾಡಿದಳು. ಗಿರಾಕಿಗಳು ಕಾಯುವಾಗ ಓದಲಿ ಅಂತ ಇಟ್ಟಿದ್ದ ಒಂದು ಹಳೇ ವಾರಪತ್ರಿಕೆಯನ್ನು ಮುಂದೆ ಹಿಡಿದಳು. ನಳಿಗೆ ತೂರಿಸಿ ಹೊಟ್ಟೆಯ ಕೊಬ್ಬು ಹೀರಿ ತೆಗೆಯುತ್ತಾರೆ ಅಂತ ಅದರಲ್ಲಿ ಬರೆದಿತ್ತು. ಮೈಸೂರಿನಲ್ಲೂ ಒಬ್ಬರು ಡಾಕ್ಟರು ಶುರುಮಾಡಿದ್ದಾರಂತೆ ಅಕ್ಕ, ವಿಚಾರಿಸೋಣ ಅಂದಳು. ನಮ್ಮವರಿಗೆ ಹೇಳಿದಾಗ ಬೈಯಬಹುದು ಅಂದುಕೊಂಡಿದ್ದೆ. ಅವರು ಸೀಮಂತದ ವಿಷಯ ಅವ್ವ ಹೇಳಿದಳು, ಹೋಗೋಣ ಅಂದರು. ಮನೆ ಕಟ್ಟಲು ಕೂಡಿಟ್ಟದ್ದು ಅದಕ್ಕೆ ಹೋಗುತ್ತದೆ ಅಂತ ಇಬ್ಬರಿಗೂ ಗೊತ್ತಿತ್ತು, ಆ ಮಾತನ್ನು ಇಬ್ಬರೂ ಎತ್ತಲಿಲ್ಲ.

ಮೈಸೂರಿನ ಆ ಡಾಕ್ಟರ ಕಾಯುವ ಕೋಣೆಯಲ್ಲಿ ನಮ್ಮಂಥವರು ಯಾರೂ ಇರಲಿಲ್ಲ. ತುಟಿ ಸೀಳಿದ ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡ ಒಬ್ಬ ತಾಯಿ, ಸುಟ್ಟ ಕೈಯ ಹೆಂಗಸೊಬ್ಬಳು, ಇಂಗ್ಲಿಷ್ ಮಾತಾಡುವ ಒಂದು ಕುಟುಂಬ. ಇವರ ಮಧ್ಯೆ ನನಗೆ ಬಂದ ಕಷ್ಟವೇನು, ಹೊಟ್ಟೆ ಅಂತ ಹೇಳಿಕೊಳ್ಳಲೇ ಅಂತ ನಾಚಿಕೆಯಾಯಿತು. ಸುಟ್ಟ ಕೈಯ ಹೆಂಗಸು ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟು ಚೊಚ್ಚಲಾ ಅಂತ ಕೇಳಿದಳು. ಹೂಂ ಅಂದೆ. ಅವಳ ಮಟ್ಟಿಗೆ ಅದೊಂದು ಪ್ರೀತಿಯ ಮಾತು, ನಾನ್ಯಾಕೆ ಕೆಡಿಸಲಿ.

ಡಾಕ್ಟರು ಒಳ್ಳೆಯ ಮನುಷ್ಯ. ಆದರೂ ಅವರು ಕೇಳಿದ ಮೊದಲ ಮಾತೇ ಇನ್ನು ಮಕ್ಕಳು ಬೇಕಾ ಅಂತ. ಬೇಕಿದ್ದರೆ ಈಗ ಮಾಡಿಸಬೇಡಿ ಅಂದರು. ನಮ್ಮವರು ನೆಲ ನೋಡಿಕೊಂಡು ಆಗಲ್ಲ ಸಾರ್ ಅಂದರು. ಡಾಕ್ಟರು ನನ್ನನ್ನು ಮಲಗಿಸಿ, ಹೊಟ್ಟೆಯನ್ನು ಹಿಡಿಹಿಡಿಯಾಗಿ ಎತ್ತಿ ನೋಡಿದರು. ತಲೆ ಎತ್ತಿಸಿದರು, ಕೆಮ್ಮಿಸಿದರು. ಆಮೇಲೆ ಇರುವುದನ್ನು ಇದ್ದ ಹಾಗೆ ಹೇಳಿದರು. ಹೊಟ್ಟೆಯ ನಡುವೆ ಸ್ನಾಯುಗಳು ಬಿಟ್ಟುಕೊಂಡಿವೆ, ಕೊಬ್ಬು ತೆಗೆದರೂ ಅವು ಕೂಡಿಕೊಳ್ಳುವುದಿಲ್ಲ, ಅರ್ಧ ಇಳಿಯುತ್ತದೆ, ಪೂರ್ತಿ ಅಂತ ಆಸೆ ಇಟ್ಟುಕೊಳ್ಳಬೇಡಿ. ಚರ್ಮ ಕತ್ತರಿಸಿ ಸ್ನಾಯು ಹೊಲಿಯುವ ದೊಡ್ಡ ಆಪರೇಷನ್ನು ಇದೆ, ಆದರೆ ಹೋದ ಸಲದ ಗಾಯದ ಮೇಲೆ ಮತ್ತೆ ಅಷ್ಟುದ್ದ ಕೊಯ್ಯುವುದು ನನಗೆ ಇಷ್ಟವಿಲ್ಲ ಅಂದರು. ಹೀರಿ ತೆಗೆಯುವುದೇ ಆದರೆ ಎರಡು ದಾರಿ. ಒಂದು, ಪೂರ್ತಿ ಪ್ರಜ್ಞೆ ತಪ್ಪಿಸಿ ಒಂದೇ ಸಲಕ್ಕೆ ತೆಗೆಯುವುದು. ಇನ್ನೊಂದು ಹೊಸದು: ಮರಗಟ್ಟಿಸುವ ಮದ್ದು ಬೆರೆಸಿದ ಉಪ್ಪುನೀರನ್ನು ಹೊಟ್ಟೆಯ ಕೊಬ್ಬಿಗೆ ತುಂಬಿಸಿ, ಸಣ್ಣ ನಳಿಗೆಯಿಂದ ನಿಧಾನವಾಗಿ ಹೀರುವುದು. ಅದಕ್ಕೆ ಎರಡು ಸಲ ಬರಬೇಕು, ಮೈಮೇಲೆ ಎಚ್ಚರ ಇರುತ್ತದೆ, ಎಳೆದಾಟ ಗೊತ್ತಾಗುತ್ತದೆ. ನಿಮ್ಮಂಥವರಿಗೆ ನಿದ್ದೆಯೇ ಸುಖ ಅಂದರು. ಇಷ್ಟನ್ನೂ ಅವರು ನನ್ನ ಹೊಟ್ಟೆಯನ್ನು ಮುಟ್ಟುತ್ತ ನಮ್ಮವರ ಮುಖ ನೋಡಿಕೊಂಡು ಹೇಳಿದರು.

ಯೋಚಿಸಿ ಬನ್ನಿ ಅಂದರು. ಯೋಚಿಸುವುದು ಅಂದರೆ ನಾನೊಬ್ಬಳನ್ನು ಬಿಟ್ಟು ಮಿಕ್ಕವರೆಲ್ಲ ಯೋಚಿಸುವುದು. ನಮ್ಮವರು ನಿದ್ದೆಯದೇ ಅಂತ ತೀರ್ಮಾನ ಮಾಡಿಯಾಗಿತ್ತು. ಕೆ.ಆರ್. ಪೇಟೆಯಿಂದ ಬಂದ ಅತ್ತೆಯೂ ಮಗನ ಕಡೆ. ನಮ್ಮವ್ವ ಬಿಂಡಿಗನವಿಲೆಯಿಂದ ಹೇಳಿಕಳಿಸಿದ್ದೂ ಅದೇ. ಫಾತಿಮಾ ಕೂಡ "ನಿದ್ದೆ ಇಂಜೆಕ್ಷನ್ನೇ ತಗೊಂಡ್ಬುಡು ಭಾಗ್ಯಕ್ಕ, ಯಾಕೆ ಸುಮ್ನೆ ತಕ್ಲೀಫು" ಅಂದಳು. ಎಲ್ಲರೂ ನನ್ನ ಒಳ್ಳೆಯದಕ್ಕೇ ಹೇಳಿದರು. ಒಳ್ಳೆಯದಕ್ಕೆ ಹೇಳುವವರ ಎದುರು ಜಗಳವಾಡುವುದಕ್ಕಿಂತ ಕಷ್ಟ ಬೇರೆ ಇಲ್ಲ. ನನಗೆ ನಿದ್ದೆ ಬೇಡ ಅಂದೆ. ಯಾಕೆ ಅಂದರು. ತಟ್ಟೆ ಎತ್ತಿಕೊಂಡು ಹಿತ್ತಲಿಗೆ ಹೋದೆ. ಹಟಮಾರಿ ಅಂತ ನಮ್ಮವರು ಹಿಂದಿನಿಂದ ಅಂದದ್ದು ಕೇಳಿಸಿತು.

ಎರಡನೆಯ ಸಲ ಹೋದಾಗ ಅತ್ತೆಯೂ ಬಂದರು. ಡಾಕ್ಟರು ಏನು ತೀರ್ಮಾನ ಮಾಡಿದಿರಿ ಅಂತ ಕೇಳಿದರು.

"ಮಲ್ಗ್ಸೇ ಮಾಡ್ಬುಡಿ ಸಾರ್" ಅಂದರು ನಮ್ಮವರು. "ಅವ್ಳು ನರಳೋದ ನಂಗೆ ನೋಡಕಾಗಲ್ಲ."

ಡಾಕ್ಟರು ಪೆನ್ನು ತೆಗೆದರು. ಆಗ ನನಗೆ ಬಂದ ಸಿಟ್ಟನ್ನು ಹೇಗೆ ಹೇಳಲಿ. ಯಾರ ಮೇಲೆ ಅಂತಲೂ ಗೊತ್ತಿರಲಿಲ್ಲ. ಕುರ್ಚಿ ಹಿಡಿದುಕೊಂಡು ಎದ್ದು ನಿಂತೆ.

"ಓದ್ಸತಿ ಮಲ್ಗ್ಸಿದ್ರಲ್ಲ" ಅಂದೆ. "ಎದ್ದಾಗ ನನ್ ಮಗು ಇರ್ನಿಲ್ಲ. ಈ ಸತಿ ನನ್ ಮೈಯಿಂದ ಏನ್ ತಗೀತಾರೋ ನಾನೇ ನೋಡ್ಬೇಕು. ಸತ್ರೂ ಸರಿ, ನನ್ನ ಮಲ್ಗುಸ್ಬ್ಯಾಡಿ."

ಹೊರಗೆ ಯಾವುದೋ ಕೂಸು ಅಳುತ್ತಿತ್ತು. ನಮ್ಮವರು ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡರು. ಮದುವೆಯಾದಾಗಿನಿಂದ ಅವರು ಅತ್ತದ್ದನ್ನು ನಾನು ನೋಡಿರಲಿಲ್ಲ. ಡಾಕ್ಟರು ಪೆನ್ನನ್ನು ಮೇಜಿನ ಮೇಲಿಟ್ಟು, ಮೊದಲ ಸಲ ನನ್ನ ಮುಖ ನೋಡಿ ಮಾತಾಡಿದರು. ಎಚ್ಚರವಾಗಿದ್ದಾಗಲೇ ಮಾಡೋಣಮ್ಮ, ಬೇಕಾದರೆ ಒಬ್ಬರು ಹೆಂಗಸರು ತಲೆಯ ಹತ್ತಿರ ಕೂರಲಿ ಅಂದರು. ನಾನು ಕುಂತ್ಕತೀನಿ ಅಂದವರು ಅತ್ತೆ.

ಫಲ ಏನಾಯಿತು ಅಂತ ಇಲ್ಲೇ ಹೇಳಿ ಮುಗಿಸುತ್ತೇನೆ, ಓದುವವರಿಗೆ ಬೇಕಾದದ್ದು ಅದೇ ಅಂತ ಗೊತ್ತು. ಡಾಕ್ಟರು ಹೇಳಿದಂತೆಯೇ ಅರ್ಧ ಇಳಿಯಿತು. ಮೈಯೆಲ್ಲ ಬದನೆಕಾಯಿಯ ಬಣ್ಣಕ್ಕೆ ತಿರುಗಿ, ಎಷ್ಟೋ ದಿನ ಒಂದು ಮಗ್ಗುಲಿಗೆ ಹೊರಳಲು ಆಗಲಿಲ್ಲ. ಬಿಗಿಯಾದ ಪಟ್ಟಿ ಹಾಕಿಕೊಂಡು ಬೇಸಿಗೆ ಪೂರ್ತಿ ಬೆವೆತು ಕಜ್ಜಿ ಎದ್ದಿತು. ಕೆಳಹೊಟ್ಟೆಯ ಚರ್ಮ ಜೋತುಬಿದ್ದದ್ದು ಈಗಲೂ ಹಾಗೇ ಇದೆ. ಮೇಲಿನ ಉಬ್ಬು ಬಸ್ಸಿನವರು ಮೋಸಹೋಗದಷ್ಟು ತಗ್ಗಿತು, ಈಗ ನಿಂತೇ ಪ್ರಯಾಣ ಮಾಡುತ್ತೇನೆ. ಮಾಡಿಸಿಕೊಳ್ಳಬೇಕೋ ಬೇಡವೋ ಅಂತ ನನ್ನನ್ನು ಕೇಳಬೇಡಿ, ಅಷ್ಟು ಬುದ್ಧಿ ನನಗಿಲ್ಲ. ಆದರೆ ಹೇಗೆ ಮಾಡಿಸಿಕೊಳ್ಳಬೇಕು ಅಂತ ತೀರ್ಮಾನ ಮಾಡುವಾಗ ಆ ಮೈ ಯಾರದೋ ಅವರ ಬಾಯಿಂದಲೇ ಮಾತು ಬರಲಿ.

ಕೊಬ್ಬು ತೆಗೆಯುವ ಮೊದಲ ಸಲದ ದಿನ ಬೆಳಿಗ್ಗೆ ನನ್ನನ್ನು ಮೇಜಿನ ಮೇಲೆ ಮಲಗಿಸಿದರು. ಡಾಕ್ಟರು ಹೊಟ್ಟೆಯ ಮೇಲೆ ಪೆನ್ನಿನಲ್ಲಿ ಗೆರೆ ಎಳೆದರು, ನಾನು ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕುವ ಹಾಗೆಯೇ. ಅತ್ತೆ ಹಸಿರು ಬಟ್ಟೆ ಸುತ್ತಿಕೊಂಡು, ಮೂಗು ಬಾಯಿ ಮುಚ್ಚಿಕೊಂಡು, ತಲೆಯ ಹತ್ತಿರ ಸ್ಟೂಲಿನ ಮೇಲೆ ಕುಳಿತಿದ್ದರು. ಕಣ್ಣು ಮಾತ್ರ ಕಾಣುತ್ತಿತ್ತು. ನೀರು ತುಂಬಿಸಲು ಶುರುಮಾಡಿದರು. ಮೊದಲು ಚುಚ್ಚಿದ ನೋವು, ಆಮೇಲೆ ಒಳಗೆಲ್ಲ ತಣ್ಣಗೆ. ಹೊಟ್ಟೆ ಏಳತೊಡಗಿತು. ಎಲ್ಲರೂ ಇಳಿಸಲು ಬಂದವರು, ಅದು ಏಳುತ್ತಲೇ ಇತ್ತು, ಬಿಗಿಯಾಗಿ, ದುಂಡಗೆ, ದಿನ ತುಂಬಿದವಳ ಹೊಟ್ಟೆಯಂತೆ. ನಾನು ಕಾಣದೆ ಹೋದ ಆ ಒಂಬತ್ತನೆಯ ತಿಂಗಳು ನನ್ನ ಕಣ್ಣ ಮುಂದೆಯೇ ಇತ್ತು. ಅತ್ತೆಯೂ ನೋಡಿದರು. ಅವರ ಕೈ ನನ್ನ ಹಣೆಯ ಮೇಲೆ ಬಂತು.

ನರ್ಸು ಏನಾದರೂ ಮಾತಾಡಿಸುತ್ತ ಇರಿ ಅಮ್ಮ, ಹೆದರಿಕೊಂಡಿದ್ದಾರೆ ಅಂದಳು. ಮೆಷೀನು ಗುರ್ರ್ ಅನ್ನಲು ಶುರುವಾಯಿತು. ನಳಿಗೆ ಒಳಗೆ ಹೋಗಿ ಬರುವುದು ಗೊತ್ತಾಗುತ್ತಿತ್ತು, ನೋವಾಗದೆ ಎಳೆದಾಟ ಮಾತ್ರ. ಅತ್ತೆ ಏನು ಮಾತಾಡಿಯಾರು? ಕೆ.ಆರ್. ಪೇಟೆಯಲ್ಲಿ ಮಳೆ ಬಂದದ್ದು ಹೇಳಿದರು. ಕಪ್ಪು ಹಸು ಕರು ಹಾಕಿದ್ದು ಹೇಳಿದರು. ಹೇಳಿ ತಟ್ಟನೆ ನಿಲ್ಲಿಸಿಬಿಟ್ಟರು, ಕರುವಿನ ಮಾತು ಆಡಬಾರದಿತ್ತು ಅನ್ನುವಂತೆ. ಆಗ ನಾನು ಕೇಳಿದೆ.

"ಅತ್ತೆ, ಗಂಡಾ ಎಣ್ಣಾ?"

ಮುಚ್ಚಿದ ಬಟ್ಟೆಯ ಹಿಂದೆ ಅವರ ಉಸಿರು ಎಳೆದು ಬಿಡುವುದು ಕಾಣುತ್ತಿತ್ತು.

"ಎಣ್ಣು ಕಣವ್ವ" ಅಂದರು. "ತಲೆ ತುಂಬ ಕೂದ್ಲಿತ್ತು. ಗಲ್ಲ ನಿಂದೇ. ನರ್ಸಮ್ಮನ್ ತಾವ ಬಿಸ್ನೀರು ಇಸ್ಕಂಡು ನಾನೇ ಮೈ ತೊಳ್ದೆ. ಬರೀ ಮೈಲಿ ಕಳುಸ್ಬಾರ್ದು ಅಂತ ನನ್ ಸೀರೆ ಅರ್ದು ಸುತ್ತಿದೆ."

ನನ್ನ ಕಣ್ಣಿನಿಂದ ನೀರು ಎರಡು ಕಿವಿಯ ಕಡೆಗೂ ಇಳಿಯುತ್ತಿತ್ತು. ಒರೆಸಿಕೊಳ್ಳಲು ಕೈ ಎತ್ತುವಂತಿರಲಿಲ್ಲ. ಅತ್ತೆ ತಮ್ಮ ಬೆರಳಿನಿಂದಲೇ ಒರೆಸಿದರು. ಒರೆಸುತ್ತ, ಯಾರೋ ಕೇಳಿಸಿಕೊಂಡಾರು ಅನ್ನುವಂತೆ ಬಗ್ಗಿ ಹೇಳಿದರು.

"ಎಸ್ರಿಲ್ದೆ ಮಣ್ಣಿಗೆ ಇಡೋಕೆ ಮನ್ಸು ಬರ್ನಿಲ್ಲ ಕಣವ್ವ. ನೀ ಏನ್ ಎಸ್ರು ಮಡಿಕ್ಕಂಡಿದ್ಯೋ ನಂಗೊತ್ತಿರ್ನಿಲ್ಲ. ನೀನು ಎದ್ದೇಳ್ತೀಯೋ ಇಲ್ವೋ ಅದೂ ಗೊತ್ತಿರ್ನಿಲ್ಲ. ಅದುಕ್ಕೆ ನಿನ್ನೆಸ್ರೇ ಕರ್ದೆ. ಭಾಗ್ಯ ಅಂತ ಕಿವೀಲಿ ಮೂರ್ ಸತಿ ಕರ್ದು ಮಲ್ಗುಸ್ಬಂದೆ."

ಮೆಷೀನು ನಿಂತಿತು. ಡಾಕ್ಟರು ನನ್ನ ಮುಖದ ಕಡೆ ಬಗ್ಗಿ, ನೋವಾಗುತ್ತಿದೆಯೇನಮ್ಮ ಅಂತ ಕೇಳಿದರು. ಹೌದು ಅಂದೆ. ಇನ್ನೊಂದಿಷ್ಟು ಮದ್ದು ಕೊಡಲಾ ಅಂದರು.

ಬೇಡ ಅಂದೆ.